ಬಯಸಿದ ಬಡತನ, ಬಯಸದ ಬಡತನ

ಪ್ರಶ್ನೆ: ಬಡತನ ತೊಲಗಬೇಕೆನ್ನುವ ನಾವೇ, ಬಡತನವನ್ನು ಬಯಸಿ ಬದುಕಿದ ದಾಸರನ್ನೂ ಶರಣರನ್ನೂ ಕೊಂಡಾಡುತ್ತೇವೆ. ಇವೆರಡೂ ಹೇಗೆ ಹೊಂದುತ್ತವೆ?
– ಓದುಗರೊಬ್ಬರು, ಮಂಡ್ಯ

ಉತ್ತರ: ನವಕೋಟಿ ನಾರಾಯಣನೆನಿಸಿದ್ದ ವರ್ತಕ ಸಂಪತ್ತನ್ನೆಲ್ಲ ದಾನಮಾಡಿ ಪುರಂದರದಾಸರಾದರೆಂಬ ಐತಿಹ್ಯದಲ್ಲಿ ಆಯ್ಕೆ ಅವರದೇ ಆಗಿತ್ತು. ನಿಮ್ಮ ಜಿಲ್ಲೆಯಲ್ಲಿ ಕಬ್ಬನ್ನು ಕಾರ್ಖಾನೆಗೆ ಸಾಗಿಸಿ, ಬಾಕಿ ಹಣಕ್ಕೆ ಕಾಯುತ್ತ, ಮಗಳ ಶಾಲೆಯ ಶುಲ್ಕಕ್ಕೆ ಕೈಸಾಲ ಮಾಡುವ ರೈತನಿಗೆ ಅಂಥ ಆಯ್ಕೆ ಎಲ್ಲಿದೆ? ಅವನ ಕಷ್ಟಕ್ಕೆ ಬೆಲೆ, ನೀರು, ಬಡ್ಡಿ ಎಂಬ ಸ್ಪಷ್ಟ ಕಾರಣಗಳಿವೆ. ಅವನ್ನು ಸರಿಪಡಿಸುವುದು ಸರ್ಕಾರದ ಮತ್ತು ಸಮಾಜದ ಹೊಣೆ. ಅವನಿಗೆ ವೈರಾಗ್ಯ ಬೋಧಿಸುವುದು ಕ್ರೌರ್ಯವೆಂದೇ ನನ್ನ ಭಾವನೆ.

ಆದರೆ ತ್ಯಾಗ ಸಿರಿವಂತರಿಗಷ್ಟೇ ಸಾಧ್ಯವೆಂದೂ ಹೇಳಲಾಗದು. 12ನೆಯ ಶತಮಾನದ ಆಯ್ದಕ್ಕಿ ಮಾರಯ್ಯ, ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದವನು, ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಇಷ್ಟು ನಮಗೆ ಸಲ್ಲದು, ಅಲ್ಲಿಯೇ ಸುರಿದು ಬನ್ನಿ ಎಂದು ಪತ್ನಿ ಲಕ್ಕಮ್ಮ ಹಿಂದಕ್ಕೆ ಕಳುಹಿಸಿದಳೆಂದು ಕಥೆ ಹೇಳುತ್ತದೆ. ಆ ಬಡ ಮನೆಯಲ್ಲಿ ಕೈಗೆ ಕಾಯಕವಿತ್ತು, ಮನೆಗೆ ಬಂದ ಜಂಗಮರಿಗೆ ಬಡಿಸುವಷ್ಟು ಅನ್ನವೂ ಇತ್ತು. ಲಕ್ಕಮ್ಮ ಬೇಡವೆಂದದ್ದು ನಾಳೆಗೆ ಕೂಡಿಡುವುದನ್ನು ಮಾತ್ರ.