ತೊಟ್ಟಿಯ ಮೀನು ಆರಾಮಾಗಿದ್ದರೆ ನೀರು ಚೆನ್ನಾಗಿದೆ ಅಂತಲಾ?

ಸಂಸ್ಕರಿಸಿದ ನೀರು ಹೊರಬೀಳುವ ಕೊನೆಯ ತೊಟ್ಟಿಗೆ ನಿಮ್ಮ ಕಾರ್ಖಾನೆಯವರು ಮೀನು ಬಿಟ್ಟಿದ್ದಾರೆ, ಅವು ಚೆನ್ನಾಗಿ ಓಡಾಡಿಕೊಂಡಿವೆ, ಹಾಗಾದರೆ ನೀರು ಸುರಕ್ಷಿತವೇ ಅಂತ ಕೇಳಿದ್ದೀರಿ. ಮೊದಲು ಅವು ಯಾವ ಮೀನು ನೋಡಿ. ಕೆಲವು ಕ್ಯಾಟ್‌ಫಿಶ್ ಜಾತಿಗಳು ನೀರಲ್ಲಿ ಆಮ್ಲಜನಕ ತೀರಾ ಇಳಿದರೂ ಮೇಲೆ ಬಂದು ಗಾಳಿ ನುಂಗಿ ಬದುಕುತ್ತವೆ. ಟಿಲಾಪಿಯಾನೂ ಗಟ್ಟಿಪಿಂಡವೇ. ಇಂಥವನ್ನು ಬಿಟ್ಟಿದ್ದರೆ ಅದು ಬಂದವರಿಗೆ ತೋರಿಸಲಿಕ್ಕೆ, ಅಷ್ಟೆ.

ನಾನು ಕೆಲವು ವರ್ಷ ಇಂಥ ನೀರು ಪರೀಕ್ಷಿಸುವ ಲ್ಯಾಬಿನಲ್ಲಿದ್ದೆ. ಮೀನು ಸತ್ತಿತಾ ಅಂತ ನೋಡುವುದಕ್ಕಿಂತ ಅದು ಹೇಗೆ ಉಸಿರಾಡುತ್ತಿದೆ ಅಂತ ನೋಡಬೇಕು. ಕಿವಿರಿನ ಮುಚ್ಚಳ ನಿಮಿಷಕ್ಕೆ ಎಷ್ಟು ಸಲ ಬಡಿಯುತ್ತದೆ ಎಣಿಸಿ. ನಡುವೆ ಒಮ್ಮೊಮ್ಮೆ ಮೀನು ಬಾಯಿ ಅಗಲಿಸಿ ನೀರನ್ನು ಹಿಂದಕ್ಕೆ ಉಗಿಯುತ್ತದೆ. ಕಿವಿರಿಗೆ ಅಂಟಿದ್ದನ್ನು ತೊಳೆದುಕೊಳ್ಳುವ ಪರಿ ಅದು, ನಾವು ಕೆಮ್ಮು ಅನ್ನುತ್ತಿದ್ದೆವು. ಒಂದು ಬೆಳಿಗ್ಗೆ ನಮ್ಮ ಆರೂ ಮೀನುಗಳು ನೀರು ಬೀಳುವ ಜಾಗ ಬಿಟ್ಟು ಎದುರು ಮೂಲೆಗೆ ಒತ್ತಿಕೊಂಡಿದ್ದವು, ಒಂದರ ಹಿಂದೊಂದು ಕೆಮ್ಮುತ್ತಿದ್ದವು. ಪಿಎಚ್ ಸರಿಯಿತ್ತು, ಆಮ್ಲಜನಕವೂ ಸರಿಯಿತ್ತು. ಬಾಟಲಿಯಲ್ಲಿ ಹಿಡಿದಿಟ್ಟ ನೀರಲ್ಲಿ ಆಮೇಲೆ ತಾಮ್ರ ಸಿಕ್ಕಿತು. ಎಲ್ಲೋ ಒಂದು ವಾಲ್ವ್ ಪೂರ್ತಿ ಮುಚ್ಚಿರಲಿಲ್ಲ. ಒಂದು ಮೀನೂ ಸತ್ತಿರಲಿಲ್ಲ!

ಇದನ್ನೇ ಯಂತ್ರದಿಂದ ಮಾಡಿಸುವುದೂ ಇದೆ. ಅಮೆರಿಕದಲ್ಲಿ ಬ್ಲೂಗಿಲ್ ಮೀನುಗಳನ್ನು ಒಂದೊಂದು ಗೂಡಿನಲ್ಲಿಟ್ಟು, ಉಸಿರಾಡುವಾಗ ಅವುಗಳ ಸ್ನಾಯುಗಳಿಂದ ಹೊಮ್ಮುವ ಅತಿ ಸಣ್ಣ ವಿದ್ಯುತ್ತನ್ನು ನೀರಲ್ಲಿರುವ ಎಲೆಕ್ಟ್ರೋಡ್‌ನಿಂದ ಹಿಡಿಯುತ್ತಾರೆ. ಮೀನನ್ನು ಮುಟ್ಟುವ ಗೋಜೇ ಇಲ್ಲ. ಒಂದು ಮೀನು ಬೆದರಿದರೆ ಕಂಪ್ಯೂಟರ್ ಸುಮ್ಮನಿರುತ್ತದೆ, ಹಲವು ಒಟ್ಟಿಗೆ ಬೆದರಿದರೆ ಅಲಾರಂ. 1986ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಬಳಿಯ ರಾಸಾಯನಿಕ ಗೋದಾಮಿಗೆ ಬೆಂಕಿ ಬಿದ್ದು ರೈನ್ ನದಿಯ ಹಾವುಮೀನುಗಳು ರಾಶಿ ರಾಶಿ ಸತ್ತ ಮೇಲೆ ಯುರೋಪಿನಲ್ಲೂ ಜೀವಿಗಳನ್ನಿಟ್ಟು ನದಿ ಕಾಯುವ ಕೆಲಸ ಚುರುಕಾಯಿತು.

ಆದರೆ ಮೀನು 'ಏನೋ ಸರಿಯಿಲ್ಲ' ಅನ್ನುತ್ತದೆಯೇ ಹೊರತು ಏನು ಅಂತ ಹೇಳುವುದಿಲ್ಲ. ನೀರು ಸ್ವಲ್ಪ ಬಿಸಿಯಾದರೂ, ಯಾರಾದರೂ ತೊಟ್ಟಿ ತಟ್ಟಿದರೂ ಅದರ ಉಸಿರು ಏರುತ್ತದೆ. ಅದಕ್ಕೇ ಹೋಲಿಸಿ ನೋಡಲಿಕ್ಕೆ ಪಕ್ಕದಲ್ಲಿ ಒಳ್ಳೆ ನೀರಿನ ಇನ್ನೊಂದು ತೊಟ್ಟಿ, ಅದೇ ಜಾತಿಯ ಅದೇ ಗಾತ್ರದ ಮೀನು ಇರಲೇಬೇಕು. ಅದಕ್ಕೆ ಕ್ಲೋರಿನ್ ಇರುವ ನಲ್ಲಿ ನೀರು ಹಾಕಿದರೆ ಕೆಟ್ಟಿತು, ಕ್ಲೋರಿನ್ನೇ ಮೀನಿಗೆ ವಿಷ.

ನಿಧಾನ ವಿಷದ ಕಥೆಯೇ ಬೇರೆ. ಜಪಾನಿನ ಮಿನಮಾಟದಲ್ಲಿ 1956ರಲ್ಲಿ ಗುರುತಾದ ಕಾಯಿಲೆಗೆ ಕಾರಣ ಜನ ಹಿಡಿದು ತಿನ್ನುತ್ತಿದ್ದ ಮೀನಿನೊಳಗಿನ ಪಾದರಸ. ಅದು ಉಸಿರು ಎಣಿಸಿದರೆ ತಿಳಿಯುವಂಥದ್ದಲ್ಲ, ಮೀನನ್ನು ಕೊಯ್ದು ಮಾಂಸ ಪರೀಕ್ಷಿಸಬೇಕು.

ನಿಮ್ಮ ಜಾಗದಲ್ಲಿ ನಾನಿದ್ದರೆ ಒಂದೇ ಮಾತು ಕೇಳುತ್ತಿದ್ದೆ: ಸತ್ತ ಮೀನು ತೆಗೆದು ಹೊಸದು ಬಿಟ್ಟಿದ್ದರ ಲೆಕ್ಕ ಎಲ್ಲಾದರೂ ಬರೆದಿಟ್ಟಿದ್ದಾರಾ?