ಮಾಟ ಮಾಡಿದ್ದಾರೆಂದು ನಂಬಿ ಕೊಂದವನಿಗೆ ಶಿಕ್ಷೆ ಕಮ್ಮಿ ಆಗುತ್ತದಾ?

ನೀವು ಕೇಳಿದ್ದು ಇಷ್ಟು: ತನ್ನ ಮಗು ಸತ್ತದ್ದು ಪಕ್ಕದ ಮನೆಯವಳ ಮಾಟದಿಂದಲೇ ಅಂತ ಒಬ್ಬ ಪೂರ್ತಿಯಾಗಿ ನಂಬಿ ಅವಳನ್ನು ಕೊಂದರೆ, ಭಾರತದ ಕೋರ್ಟು ಆ ನಂಬಿಕೆಯನ್ನು ನೋಡಿ ಶಿಕ್ಷೆ ಕಡಿಮೆ ಮಾಡುತ್ತದಾ? ಮಾಡಬೇಕಾ?

ಸೆಷನ್ಸ್ ಕೋರ್ಟಿನಲ್ಲಿ ಆರೋಪಿಗಳ ಪರ ವಾದಿಸುವ ವಕೀಲ ನಾನು. ನೇರವಾಗಿ ಹೇಳುತ್ತೇನೆ. ನಂಬಿಕೆಯಿಂದ ಗಲ್ಲು ತಪ್ಪಬಹುದು, ಜೀವಾವಧಿ ತಪ್ಪುವುದಿಲ್ಲ. ಕೊಲೆ ಸಾಬೀತಾದ ಮೇಲೆ ಅದಕ್ಕಿಂತ ಕಡಿಮೆ ಕೊಡುವುದು ಜಡ್ಜ್ ಕೈಯಲ್ಲೇ ಇಲ್ಲ. ಹಳೆಯ ಐಪಿಸಿಯ 302ನೇ ಸೆಕ್ಷನ್ನಿನಲ್ಲೂ, 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 103ರಲ್ಲೂ ಇರುವುದು ಎರಡೇ ದಾರಿ: ಮರಣದಂಡನೆ, ಇಲ್ಲವೇ ಜೀವಾವಧಿ. ಜೊತೆಗೆ ದಂಡ.

ಹಾಗಂತ ನಂಬಿಕೆಯಿಂದ ಯಾರೂ ಖುಲಾಸೆ ಆಗಿಲ್ಲ ಅಂತಲ್ಲ. 1960ರಲ್ಲಿ ವರದಿಯಾದ ಒರಿಸ್ಸಾ ಹೈಕೋರ್ಟಿನ ಒಂದು ತೀರ್ಪು ಕಾನೂನು ಓದಿದವರಿಗೆಲ್ಲ ಗೊತ್ತು. ರಸಗೋವಿಂದಪುರದಲ್ಲಿ ಪಾಳುಬಿದ್ದ ವಿಮಾನ ನಿಲ್ದಾಣವೊಂದಿತ್ತು. ಅಲ್ಲಿ ದೆವ್ವಗಳಿವೆ ಅಂತ ಸುತ್ತಲಿನ ಜನ ನಂಬಿದ್ದರು. ಅಲ್ಲಿನ ಗುಜರಿ ಸಾಮಾನು ಕೊಳ್ಳಲು ಬಂದಿದ್ದ ವ್ಯಾಪಾರಿಯ ಜೊತೆ ಒಬ್ಬ ನೇಪಾಳಿ ಆಳು ಇದ್ದ. 1958ರ ಮೇ ತಿಂಗಳ ಒಂದು ನಡುರಾತ್ರಿ ದೂರದಲ್ಲಿ ಮಿಣುಕು ಬೆಳಕು, ಅದರ ಸುತ್ತ ಕುಣಿಯುವಂಥ ಆಕಾರಗಳು ಕಂಡವು. ಅವನು ಕುಕ್ರಿ ಹಿಡಿದು ನುಗ್ಗಿ ಸಿಕ್ಕಸಿಕ್ಕವರನ್ನು ಕಡಿದ. ಅಲ್ಲಿದ್ದದ್ದು ಲಾಟೀನು ಇಟ್ಟುಕೊಂಡು ಹಿಪ್ಪೆ ಹೂ ಆರಿಸುತ್ತಿದ್ದ ಹೆಂಗಸರು. ಒಬ್ಬಾಕೆ ಸತ್ತಳು, ಇನ್ನು ಕೆಲವರಿಗೆ ಗಾಯ. ಕೋರ್ಟು ಅವನನ್ನು ಬಿಟ್ಟಿತು. ತಾನು ಹೊಡೆಯುತ್ತಿರುವುದು ಮನುಷ್ಯರನ್ನಲ್ಲ, ದೆವ್ವಗಳನ್ನು ಅಂತ ಅವನು ಪ್ರಾಮಾಣಿಕವಾಗಿ ತಿಳಿದಿದ್ದ. ಐಪಿಸಿ 79ರ ಪ್ರಕಾರ ಅದು ವಾಸ್ತವದ ಬಗ್ಗೆ ಆದ ತಪ್ಪು ತಿಳಿವಳಿಕೆ.

ಮಾಟದ ಕೊಲೆಗಳಲ್ಲೂ ಈ ತೀರ್ಪು ಅನ್ವಯಿಸಬೇಕು ಅಂತ ಕೇಳುವವರಿದ್ದಾರೆ. ಅನ್ವಯಿಸುವುದಿಲ್ಲ. ಮಾಟಗಾತಿ ಅಂತ ಕೊಲ್ಲುವವನಿಗೆ ಎದುರಿಗಿರುವವಳು ಮನುಷ್ಯಳೇ ಅಂತ ಚೆನ್ನಾಗಿ ಗೊತ್ತಿರುತ್ತದೆ. ಅವಳ ಹೆಸರು ಗೊತ್ತು, ಮನೆ ಗೊತ್ತು, ಮಕ್ಕಳು ಯಾರು ಅಂತ ಗೊತ್ತು. ಅವನ ನಂಬಿಕೆ ಅಕ್ಷರಶಃ ನಿಜ ಅಂತಲೇ ಇಟ್ಟುಕೊಳ್ಳೋಣ. ಆಗಲೂ ಮಾಟ ಮಾಡಿದವಳನ್ನು ಕೊಲ್ಲುವ ಹಕ್ಕನ್ನು ಯಾವ ಕಾನೂನೂ ಅವನಿಗೆ ಕೊಟ್ಟಿಲ್ಲ, ಅಲ್ವಾ? ಇಡೀ ವಿಷಯ ನಿಂತಿರುವುದು ಇದರ ಮೇಲೆ.

ಇನ್ನೊಂದು ವಾದ ಪ್ರಚೋದನೆಯದು. ಗಂಭೀರವಾದ, ದಿಢೀರನೆ ಆದ ಪ್ರಚೋದನೆಯಿಂದ ಮೈಮೇಲೆ ಹಿಡಿತ ತಪ್ಪಿ ಕೊಂದರೆ ಅದು ಕೊಲೆಯಲ್ಲ, ಕೊಲೆಯಲ್ಲದ ನರಹತ್ಯೆ. ಅಲ್ಲಿ ಶಿಕ್ಷೆ ಇಳಿಯುತ್ತದೆ. ಇದೇ ಪ್ರಶ್ನೆ ಪೂರ್ವ ಆಫ್ರಿಕಾದ ಮೇಲ್ಮನವಿ ನ್ಯಾಯಾಲಯದ ಮುಂದೆಯೂ ಬಂದಿತ್ತು. 1941ರ ಉಗಾಂಡಾದ ಒಂದು ಪ್ರಕರಣದಲ್ಲಿ, ರಾತ್ರಿ ಹೊತ್ತು ಮನೆ ಹತ್ತಿರ ಬೆತ್ತಲೆಯಾಗಿ ತೆವಳುತ್ತಿದ್ದವನನ್ನು ಕಣ್ಣಾರೆ ಕಂಡು, ಮಾಟ ಮಾಡುತ್ತಿದ್ದಾನೆ ಅಂತ ನಂಬಿ ಕೊಂದವರಿಗೆ ಆ ರಿಯಾಯಿತಿ ಸಿಕ್ಕಿತು. 1951ರಲ್ಲಿ ಅದೇ ಕೋರ್ಟು ಗಟ್ಟಿಯಾಗಿ ಗೆರೆ ಎಳೆಯಿತು: ಮಾಟದ ನಂಬಿಕೆಯೊಂದೇ ಪ್ರಚೋದನೆಯಲ್ಲ, ಆ ಕ್ಷಣದಲ್ಲಿ ಕಣ್ಣೆದುರು ಏನಾದರೂ ನಡೆದಿರಬೇಕು, ಕೊಂದದ್ದು ಆ ಆವೇಶದಲ್ಲೇ ಆಗಿರಬೇಕು. ನಮ್ಮಲ್ಲಿ ನಡೆಯುವ ಹೆಚ್ಚಿನ ಕೊಲೆಗಳಿಗೆ ಈ ಅಳತೆ ಹೊಂದುವುದೇ ಇಲ್ಲ. ಮೊದಲು ಮನೆಯಲ್ಲಿ ಯಾರಿಗೋ ಕಾಯಿಲೆ. ಆಮೇಲೆ ಮಂತ್ರವಾದಿಯ ಹತ್ತಿರ ಹೋಗುವುದು. ಅವನು ಗುರುತು ಹೇಳುವುದು. ನಾಲ್ಕು ಜನ ಕೂತು ಮಾತಾಡುವುದು. ಆಮೇಲೆ ದೊಣ್ಣೆ, ಕೊಡಲಿ. ಇದರಲ್ಲಿ ದಿಢೀರ್ ಅನ್ನುವುದು ಎಲ್ಲಿದೆ?

ಗಲ್ಲೋ ಜೀವಾವಧಿಯೋ ಅನ್ನುವ ಘಟ್ಟದಲ್ಲಿ ಮಾತ್ರ ನಂಬಿಕೆಯ ಮಾತಿಗೆ ನಿಜವಾದ ಬೆಲೆ ಬರುತ್ತದೆ. ತಪ್ಪಿತಸ್ಥ ಅಂತ ಹೇಳಿದ ಮೇಲೆ ಶಿಕ್ಷೆಯ ಬಗ್ಗೆ ಬೇರೆಯಾಗಿ ವಾದ ಕೇಳಲೇಬೇಕು. ಜಡ್ಜ್ ನೇರವಾಗಿ ಅವನನ್ನೇ ಕೇಳುತ್ತಾರೆ, ಏನಾದರೂ ಹೇಳುವುದಿದೆಯಾ ಅಂತ. ಹೆಚ್ಚಿನವರು ಕೈಮುಗಿದು, ಮಕ್ಕಳು ಚಿಕ್ಕವರು ಸ್ವಾಮಿ, ಅಷ್ಟೇ ಹೇಳುತ್ತಾರೆ. ಉಳಿದದ್ದನ್ನು ನಾವು ಹೇಳಬೇಕು: ಓದಿಲ್ಲ, ಹಿಂದೆ ಯಾವ ಕೇಸೂ ಇಲ್ಲ, ಮಗು ಸತ್ತಿತ್ತು, ಭಯದಲ್ಲಿದ್ದ. ಸುಪ್ರೀಂ ಕೋರ್ಟಿನ 1980ರ ಬಚನ್ ಸಿಂಗ್ ತೀರ್ಪಿನಿಂದ ಗಲ್ಲು ಅಪರೂಪದಲ್ಲಿ ಅಪರೂಪದ ಪ್ರಕರಣಕ್ಕೆ ಮಾತ್ರ. ಗಲ್ಲಿನ ಪ್ರಶ್ನೆ ಇರುವ ಕೇಸುಗಳಲ್ಲಿ ಆರೋಪಿಯ ಮನಸ್ಥಿತಿಯ ವರದಿ, ಜೈಲಿನ ನಡತೆಯ ವರದಿ ತರಿಸಬೇಕು ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಲ್ಲಿ ನಾನು ಭಯದ ವಾದವನ್ನು ಪೂರ್ಣ ಮನಸ್ಸಿನಿಂದ ಮಂಡಿಸುತ್ತೇನೆ. ಭಯದಿಂದ ಕೊಂದವನೂ ದುಡ್ಡಿಗಾಗಿ ಕೊಂದವನೂ ಒಂದೇ ಅಂತ ನನಗೆ ಅನ್ನಿಸುವುದಿಲ್ಲ.

ಆದರೆ ಅದೇ ನಂಬಿಕೆ ತಿರುಗಿಯೂ ಬೀಳುತ್ತದೆ. ಜಾರ್ಖಂಡಿನಲ್ಲಿ ಒಬ್ಬ ತನಗೆ ಒಳ್ಳೆಯದಾಗಲಿ ಅಂತ ಒಂಬತ್ತು ವರ್ಷದ ಮಗುವನ್ನು ಬಲಿ ಕೊಟ್ಟಿದ್ದ. 2003ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಗಲ್ಲನ್ನೇ ಎತ್ತಿಹಿಡಿಯಿತು. ಮೂಢನಂಬಿಕೆ ಯಾವ ಕೊಲೆಗೂ ಸಮರ್ಥನೆ ಆಗುವುದಿಲ್ಲ ಅಂತ ಸ್ಪಷ್ಟವಾಗಿ ಹೇಳಿತು. ಮುಂದೆ ರಾಷ್ಟ್ರಪತಿಗಳು ಅದನ್ನು ಜೀವಾವಧಿಗೆ ಇಳಿಸಿದರು. ಅಲ್ಲಿ ಇದ್ದದ್ದು ಭಯವಲ್ಲ, ಆಸೆ.

ಭಯದ ಹೆಸರಿನಲ್ಲಿ ಬರುವ ಕೇಸುಗಳಲ್ಲೂ ಆಸೆ ಇರುತ್ತದೆ. ಮಾಟಗಾತಿ ಅನ್ನಿಸಿಕೊಳ್ಳುವವರಲ್ಲಿ ಒಂಟಿ ವಿಧವೆಯರು, ವಯಸ್ಸಾದವರು, ಗಂಡನ ಪಾಲಿನ ತುಂಡು ಜಮೀನು ಉಳಿಸಿಕೊಂಡವರು ಜಾಸ್ತಿ. ಊರಿನ ಬಲಾಢ್ಯನ ಮನೆಯಲ್ಲಿ ಮಾಟ ಇದೆ ಅಂತ ಗುಂಪು ನುಗ್ಗಿದ್ದನ್ನು ನಾನಂತೂ ಕೇಳಿಲ್ಲ. ನಿಜವಾದ ಭಯವಾದರೆ ಅದು ಯಾಕೆ ಯಾವಾಗಲೂ ದುರ್ಬಲರನ್ನೇ ಹುಡುಕುತ್ತದೆ? ಅದಕ್ಕೇ ನಂಬಿದ್ದ ಅನ್ನುವ ಮಾತನ್ನು ಜಡ್ಜ್ ಸುಮ್ನೆ ಒಪ್ಪಬಾರದು. ಜಮೀನಿನ ಪಹಣಿ ಯಾರ ಹೆಸರಿನಲ್ಲಿದೆ, ಸತ್ತವಳ ಜೊತೆ ಹಳೆಯ ಜಗಳ ಏನಿತ್ತು, ಇಷ್ಟನ್ನಾದರೂ ನೋಡಬೇಕು.

ಗುಂಪಿನ ಕೊಲೆಗಳ ಕಥೆ ಬೇರೆ. 2015ರ ಆಗಸ್ಟಿನಲ್ಲಿ ರಾಂಚಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ಒಂದೇ ರಾತ್ರಿ ಐವರು ಹೆಂಗಸರನ್ನು ಕೊಂದರು. 2025ರ ಜುಲೈಯಲ್ಲಿ ಬಿಹಾರದ ಪೂರ್ಣಿಯಾ ಜಿಲ್ಲೆಯಲ್ಲಿ ಒಂದೇ ಮನೆಯ ಐದು ಜನರನ್ನು ಸುಟ್ಟು ಕೊಂದರು. ಐದು ಅಥವಾ ಹೆಚ್ಚು ಜನ ಒಂದೇ ಉದ್ದೇಶದಿಂದ ಸೇರಿದ್ದರೆ ಹೊಡೆತ ಯಾರದ್ದು ಅಂತ ಬಿಡಿಸಿ ನೋಡಬೇಕಿಲ್ಲ, ಎಲ್ಲರಿಗೂ ಕೊಲೆಯ ಶಿಕ್ಷೆಯೇ. ಕಾಗದದ ಮೇಲೆ ಇದು ಬಿಗಿ. ಆದರೆ ಸಾಕ್ಷಿ ಹೇಳಬೇಕಾದವರು ಅದೇ ಊರಿನವರು. ಕತ್ತಲಿತ್ತು, ನೋಡಲಿಲ್ಲ ಅಂತ ಒಬ್ಬೊಬ್ಬರೇ ತಿರುಗಿಬೀಳುತ್ತಾರೆ.

ನನಗೆ ತೀರಾ ಸಿಟ್ಟು ಬರುವುದು ಹೆಸರು ಹೇಳಿದ ಮಂತ್ರವಾದಿ ತಪ್ಪಿಸಿಕೊಳ್ಳುವುದಕ್ಕೆ. ಕುಮ್ಮಕ್ಕು ಕೊಟ್ಟವನಿಗೂ ಕೊಲೆಗಾರನಷ್ಟೇ ಶಿಕ್ಷೆ ಕೊಡಲು ಕಾನೂನಿದೆ. ಆದರೆ ಅವನು ಕೊಲ್ಲು ಅಂತ ಎಂದೂ ಬಾಯಿಬಿಟ್ಟು ಹೇಳುವುದಿಲ್ಲ. ನಿನ್ನ ಮನೆಯ ಮೂಡಲ ದಿಕ್ಕಿನಲ್ಲಿ ಇರುವ ಒಂಟಿ ಹೆಂಗಸು ಅನ್ನುತ್ತಾನೆ, ಕಾಣಿಕೆ ತೆಗೆದುಕೊಂಡು ಹೋಗುತ್ತಾನೆ. ಅಷ್ಟರಿಂದ ಕೊಲೆಯ ಕುಮ್ಮಕ್ಕು ಸಾಬೀತು ಮಾಡುವುದು ಕಷ್ಟ. ಈ ತೂತು ಮುಚ್ಚಲೆಂದೇ ಬೇರೆ ಕಾನೂನುಗಳು ಬಂದದ್ದು. ಬಿಹಾರದ 1999ರ ಕಾಯ್ದೆಯಲ್ಲಿ ಒಬ್ಬಳನ್ನು ಮಾಟಗಾತಿ ಅಂತ ಗುರುತಿಸಿದರೆ ಹೆಚ್ಚೆಂದರೆ ಮೂರು ತಿಂಗಳು ಅಥವಾ 1,000 ರೂಪಾಯಿ ದಂಡ. ಜಾರ್ಖಂಡಿನದ್ದೂ ಅದೇ ಅಚ್ಚು. ಒಂದು ಜೀವ ಹೋಗುವ ಮಾತಿಗೆ ಸಾವಿರ ರೂಪಾಯಿ! ಛತ್ತೀಸ್‌ಗಢ 2005ರಲ್ಲಿ ಅದನ್ನು ಮೂರು ವರ್ಷಕ್ಕೆ ಏರಿಸಿತು. ಕರ್ನಾಟಕದ 2017ರ ಮಾಟ-ಮಂತ್ರ ನಿಷೇಧ ಕಾಯ್ದೆಯಲ್ಲಿ ಏಳು ವರ್ಷದವರೆಗೆ ಇದೆ. ಕೊಂದವನಿಗೆ ಗಲ್ಲೋ ಜೀವಾವಧಿಯೋ ಅಂತ ನಾವು ವರ್ಷಗಟ್ಟಲೆ ವಾದ ಮಾಡುತ್ತೇವೆ. ಹೆಸರು ಹೇಳಿದ ದಿನವೇ ಬಲವಾದ ಕೇಸು ಬಿದ್ದರೆ ಎಷ್ಟೋ ಹೆಂಗಸರು ಬದುಕಿರುತ್ತಿದ್ದರು.

ಶಿಕ್ಷೆ ಕಡಿಮೆ ಮಾಡಬೇಕಾ ಅಂತಲೂ ಕೇಳಿದ್ದೀರಿ. ಗಲ್ಲು ಬೇಡ, ಜೀವಾವಧಿಗಿಂತ ಕಡಿಮೆಯೂ ಬೇಡ, ಇದು ನನ್ನ ನಿಲುವು. ಪಪುವಾ ನ್ಯೂಗಿನಿ ಎರಡೂ ತುದಿ ನೋಡಿದ ದೇಶ. ಅಲ್ಲಿನ 1971ರ ಕಾಯ್ದೆ ಮಾಟವನ್ನು ಪ್ರಚೋದನೆ ಅಂತ ಪರಿಗಣಿಸಲು ದಾರಿ ಬಿಟ್ಟಿತ್ತು. 2013ರಲ್ಲಿ ಮೌಂಟ್ ಹಾಗೆನ್ ಪಟ್ಟಣದಲ್ಲಿ ಒಬ್ಬ ಯುವತಿಯನ್ನು ಜನರೆದುರೇ ಸುಟ್ಟ ಮೇಲೆ ಆ ಕಾಯ್ದೆಯನ್ನು ರದ್ದು ಮಾಡಿ, ಇಂಥ ಕೊಲೆಗಳಿಗೆ ಮರಣದಂಡನೆ ಇಟ್ಟರು. ಕೊಲೆಗಳು ನಿಲ್ಲಲಿಲ್ಲ. 2022ರಲ್ಲಿ ಮರಣದಂಡನೆಯನ್ನೇ ತೆಗೆದರು.

ಇನ್ನೊಂದು ಮಾತು. ಗಲ್ಲಿನ ಅವಕಾಶವಿರುವ ಅಪರಾಧಕ್ಕೆ ಜೀವಾವಧಿ ಆದವನು ಕನಿಷ್ಠ 14 ವರ್ಷ ಒಳಗಿರಲೇಬೇಕು. ಆಮೇಲಷ್ಟೇ ಸರ್ಕಾರ ಅವಧಿಗೆ ಮುಂಚೆ ಬಿಡಬಹುದು. ಸತ್ತವಳ ಮನೆಯವರು ಅಷ್ಟು ವರ್ಷ ಹೇಗೆ ಬದುಕಬೇಕು ಅನ್ನುವುದು ಶಿಕ್ಷೆಯ ವಾದದಲ್ಲಿ ಬರುವುದೇ ಕಡಿಮೆ. ನಿಮಗೆ ಅಂಥ ಕುಟುಂಬ ಯಾವುದಾದರೂ ಗೊತ್ತಿದ್ದರೆ ತಿಳಿಸಿ: ತೀರ್ಪಿನವರೆಗೂ ಕಾಯಬೇಕಿಲ್ಲ, ಆರೋಪಿ ಪತ್ತೆಯಾಗದಿದ್ದರೂ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಪರಿಹಾರದ ಅರ್ಜಿ ಕೊಡಬಹುದು. ಎಫ್‌ಐಆರ್ ಪ್ರತಿ, ಮರಣೋತ್ತರ ಪರೀಕ್ಷೆಯ ವರದಿ ಜೊತೆಗಿಟ್ಟುಕೊಂಡು ಹೋಗಲಿ.