ಬಡತನದ ವ್ರತ ಹಿಡಿದ ಕ್ಲೆರಿಕ್‌ನ ಪಾಲು ಯಾರಿಗೆ?

ನಿಮ್ಮ ಪ್ರಶ್ನೆ ಓದಿ ನಗು ಬಂತು, ಇದೇ ಜಗಳ ನಮ್ಮ ಟೇಬಲ್‌ನಲ್ಲೂ ಆಗಿತ್ತು, ಅಲ್ಲಿ ವ್ರತ ಹಿಡಿದ ಸನ್ಯಾಸಿ ನಾನೇ. ನಿಮ್ಮ ಡಿ ಆ್ಯಂಡ್ ಡಿ (ಡಂಜನ್ಸ್ ಆ್ಯಂಡ್ ಡ್ರಾಗನ್ಸ್, ಟೇಬಲ್ ಸುತ್ತ ಕೂತು ಪಾತ್ರ ವಹಿಸಿ ಆಡುವ ಆಟ) ಐದನೇ ಆವೃತ್ತಿಯ ಆಟದಲ್ಲಿ ನಾಲ್ಕನೇ ಲೆವೆಲ್‌ನ ಕ್ಲೆರಿಕ್, ಅಂದರೆ ದೇವರ ಬಲದಿಂದ ಮಂತ್ರ ಹಾಕುವ ಪಾತ್ರ, ಬಡತನದ ವ್ರತ ಹಿಡಿದಿದ್ದಾನೆ. ಲೂಟಿಯಲ್ಲಿ ಪಾಲು ಬೇಡ ಅನ್ನುತ್ತಾನೆ, ಉಳಿದ ಮೂವರು ಖುಷಿಯಾಗಿ ಹಂಚಿಕೊಳ್ಳುತ್ತಾರೆ. ಅವನು ಹಿಂದೆ ಬೀಳುತ್ತಾನೇನೋ, ಬದಲಿಗೆ ಏನಾದರೂ ಪವರ್ ಕೊಡಬೇಕಾ ಅಂತ ಡಿಎಂ (ಆಟ ನಡೆಸುವವರು) ಆಗಿ ನಿಮ್ಮ ಚಿಂತೆ, ಅಲ್ವಾ?

ಪವರ್ ಮಾತು ಆಮೇಲೆ. ಮೊದಲು ಆ 'ಪಾಲು ಬೇಡ' ಅನ್ನೋದನ್ನು ನಿಲ್ಲಿಸಿ. 400 ಚಿನ್ನದ ನಾಣ್ಯ ಸಿಕ್ಕಿತು ಅಂದುಕೊಳ್ಳಿ. ನಾಲ್ಕು ಪಾಲಾದರೆ ತಲೆಗೆ 100. ಇವನು ಬೇಡ ಅಂದ ಕೂಡಲೇ ಉಳಿದವರಿಗೆ ತಲಾ 133. ಅಂದರೆ ಇವನ ತ್ಯಾಗದಿಂದ ಯಾವ ಬಡವನಿಗೂ ಒಂದು ಕಾಸು ಸಿಗಲಿಲ್ಲ, ನಿಮ್ಮ ಗುಂಪಿನ ಕಳ್ಳ ಪಾತ್ರ ರೋಗ್‌ಗೆ ಹೊಸ ಬೂಟು ಬಂತು ಅಷ್ಟೇ. ಇದು ವ್ರತ ಅಲ್ಲ, ಗೆಳೆಯರಿಗೆ ಸಬ್ಸಿಡಿ. ಅವನ 100 ಅವನ ಕೈಗೇ ಬರಲಿ, ಅದನ್ನು ಯಾರಿಗೆ ಕೊಡುತ್ತಾನೆ ಅಂತ ಅವನೇ ಟೇಬಲ್ ಮುಂದೆ ಹೇಳಲಿ.

ಈ ಐಡಿಯಾ ನನ್ನದಲ್ಲ. ಇದೇ ಆಟದ ಹಳೇ 3.5 ಆವೃತ್ತಿಗೆ 2003ರಲ್ಲಿ ಬುಕ್ ಆಫ್ ಎಕ್ಸಾಲ್ಟೆಡ್ ಡೀಡ್ಸ್ ಅಂತ ಒಂದು ರೂಲ್‌ಬುಕ್ ಬಂತು, ಅದರಲ್ಲಿ ಬಡತನದ ವ್ರತವೇ ಒಂದು ಫೀಟ್, ಅಂದರೆ ಪಾತ್ರಕ್ಕೆ ಆರಿಸಿಕೊಳ್ಳುವ ವಿಶೇಷ ಶಕ್ತಿ. ಸಮಪಾಲು ತೆಗೆದುಕೊಂಡು ದಾನ ಮಾಡಬೇಕು ಅಂತಲೇ ಅಲ್ಲಿದೆ. ಇಟ್ಟುಕೊಳ್ಳಬಹುದಾದ್ದು ಒಂದು ಕೋಲಿನಂಥ ಸಾದಾ ಆಯುಧ, ಒರಟು ಬಟ್ಟೆ, ಚೀಲದಲ್ಲಿ ಒಂದು ದಿನದ ಊಟ, ಮಂತ್ರದ ಸಾಮಾನಿನ ಸಣ್ಣ ಸಂಚಿ. ಗೆಳೆಯ ಕೊಟ್ಟ ಮಾಂತ್ರಿಕ ಮದ್ದು (ಪೋಷನ್) ಕುಡಿಯಬಹುದು, ಆದರೆ ಅವನ ಮಾಂತ್ರಿಕ ಮೇಲಂಗಿಯನ್ನು ಎರವಲು ಪಡೆದು ಹಾಕಿಕೊಳ್ಳುವಂತಿಲ್ಲ. ಇದಕ್ಕೆ ಬದಲಾಗಿ ಮೊದಲ ಲೆವೆಲ್‌ನಲ್ಲೇ ಆರ್ಮರ್ ಕ್ಲಾಸ್‌ಗೆ (ಪೆಟ್ಟು ತಪ್ಪಿಸುವ ಅಂಕ) +4, ಐದನೇ ಲೆವೆಲ್‌ಗೆ ಬಂದರೆ ಊಟ ನೀರೇ ಬೇಡ, ಹೀಗೆ ಒಂದಾದ ಮೇಲೊಂದು.

ನಾನು ಮಂಕ್ (ಬರಿಗೈಯಲ್ಲಿ ಹೋರಾಡುವ ಸನ್ಯಾಸಿ) ಆಡಿದ್ದು ಈ ಫೀಟ್ ಹಿಡಿದೇ. ನಿಜ ಹೇಳಬೇಕೆಂದರೆ ಬೋರ್ ಆಯಿತು. ಪವರ್ ತಾನಾಗಿ ಬರುತ್ತಿತ್ತು, ಯಾವುದನ್ನೂ ಬಿಟ್ಟುಕೊಟ್ಟ ಹಾಗೆ ಅನ್ನಿಸುತ್ತಿರಲಿಲ್ಲ, ಉಳಿದವರು ಒಂದು ಗಂಟೆ ಸಂತೆಯಲ್ಲಿ ಚೌಕಾಸಿ ಮಾಡುವಾಗ ನಾನು ಸುಮ್ನೆ ಫೋನ್ ನೋಡುತ್ತಾ ಚಹಾ ಕುಡಿಯುತ್ತಿದ್ದೆ. ಕೊನೆಗೆ ನಮ್ಮ ಡಿಎಂ ಒಂದು ಕೆಲಸ ಮಾಡಿದ. ನನ್ನ ಪಾಲಿನ ಪ್ರತಿ ನಾಣ್ಯಕ್ಕೂ 'ಯಾರಿಗೆ?' ಅಂತ ಕೇಳಲು ಶುರು ಮಾಡಿದ. ಒಂದು ಹಳ್ಳಿಯ ಹೂತುಹೋದ ಬಾವಿ ತೋಡಿಸಿದೆ. ಮುಂದೆ ಐದಾರು ಸೆಷನ್ ಆದಮೇಲೆ ನಾವು ಸೈನಿಕರಿಂದ ತಪ್ಪಿಸಿಕೊಂಡು ಓಡುವಾಗ ಅಡಗಿಸಿಕೊಂಡದ್ದು ಆ ಹಳ್ಳಿಯವರೇ. ಅವತ್ತು ನನ್ನ ಪಾತ್ರಕ್ಕೆ ಜೀವ ಬಂತು.

ಇನ್ನು ಪವರ್. ಐದನೇ ಆವೃತ್ತಿಯಲ್ಲಿ ಅಷ್ಟು ತಲೆಬಿಸಿ ಬೇಡ. 3.5ರಲ್ಲಿ ಹತ್ತನೇ ಲೆವೆಲ್‌ನವನ ಹತ್ತಿರ ಸುಮಾರು 49,000 ನಾಣ್ಯದ ಸಾಮಾನು ಇದ್ದೇ ಇರುತ್ತದೆ ಅಂತ ಲೆಕ್ಕ ಹಾಕಿ ರಾಕ್ಷಸರನ್ನು ಹೊಂದಿಸಿದ್ದರು, ಅದಕ್ಕೇ ಆ ದೊಡ್ಡ ಫೀಟ್ ಬೇಕಾಯಿತು. ಇಲ್ಲಿ ಆ ಒತ್ತಡ ಕಡಿಮೆ, ಅದರಲ್ಲೂ ಕ್ಲೆರಿಕ್‌ನ ಬಲ ಇರೋದು ಮಂತ್ರದಲ್ಲಿ. ಫೈಟರ್ ಆಗಿದ್ದರೆ ಬೇರೆ ಮಾತು, 1,500 ನಾಣ್ಯದ ಪ್ಲೇಟ್ ಕವಚ ಬಿಡೋದು ಅವನಿಗೆ ನಿಜವಾದ ಪೆಟ್ಟು. ನಿಮ್ಮವನಿಗೆ ಈಗಿರುವ ಕವಚ, ಗುರಾಣಿ, ದೇವರ ಗುರುತು ಇಷ್ಟು ಇಟ್ಟುಕೊಳ್ಳಲು ಬಿಡಿ. ಏನೇನು ಇರಬಹುದು ಅನ್ನೋದನ್ನು ಇಬ್ಬರೂ ಕೂತು ಇವತ್ತೇ ಒಂದು ಕಾಗದದಲ್ಲಿ ಬರೆದುಬಿಡಿ. ಇಲ್ಲದಿದ್ದರೆ ಪ್ರತಿ ವಾರ ವಾದ.

ನಿಮಗೆ ನಿಜವಾದ ಹಬ್ಬ ಮುಂದಿನ ಲೆವೆಲ್‌ನಲ್ಲಿದೆ. ಐದಕ್ಕೆ ಬಂದರೆ ಕ್ಲೆರಿಕ್‌ಗೆ ರಿವಿವಿಫೈ ಸಿಗುತ್ತದೆ, ಸತ್ತು ಒಂದು ನಿಮಿಷ ದಾಟದವರನ್ನು ಎಬ್ಬಿಸುವ ಮಂತ್ರ. ಅದಕ್ಕೆ 300 ನಾಣ್ಯದ ವಜ್ರ ಬೇಕು, ಪ್ರತಿ ಸಲವೂ ಕರಗಿಹೋಗುತ್ತದೆ. ಈಗ ಆ ವಜ್ರ ಯಾರ ಚೀಲದಲ್ಲಿ? ಅವನೇ ಇಟ್ಟುಕೊಂಡರೆ ವ್ರತ ಎಲ್ಲಿ ಉಳಿಯಿತು? ರೋಗ್ ಹತ್ತಿರ ಕೊಟ್ಟರೆ ರೋಗ್ ಹೊಳೆಗೆ ಬಿದ್ದ ದಿನ ಏನು ಮಾಡೋದು?

'ವಜ್ರ ದೇವಸ್ಥಾನದ್ದು, ನಾನು ಬಳಸುತ್ತೇನೆ ಅಷ್ಟೇ' ಅಂತ ನಿಮ್ಮ ಗೆಳೆಯ ಖಂಡಿತ ಹೇಳುತ್ತಾನೆ. ನಗಬೇಡಿ, ಬಡತನದ ವ್ರತ ಹಿಡಿದ ಕ್ರೈಸ್ತ ಪಂಗಡದ ಫ್ರಾನ್ಸಿಸ್ಕನ್ ಸನ್ಯಾಸಿಗಳು ಇದನ್ನೇ ಮಾಡಿದ್ದರು. 1279ರಲ್ಲಿ ಪೋಪ್ ಮೂರನೇ ನಿಕೋಲಸ್ ಅವರ ಆಸ್ತಿಯ ಒಡೆತನ ಚರ್ಚಿನದು, ಬಳಕೆ ಮಾತ್ರ ಸನ್ಯಾಸಿಗಳದು ಅಂದರು. 1322ರಲ್ಲಿ ಪೋಪ್ ಇಪ್ಪತ್ತೆರಡನೇ ಜಾನ್ ಬಂದು, ತಿಂದು ಮುಗಿಸುವ ವಸ್ತುವಿನಲ್ಲಿ ಒಡೆತನ ಬೇರೆ ಬಳಕೆ ಬೇರೆ ಅನ್ನೋದು ಯಾವ ನ್ಯಾಯ ಅಂತ ಆ ಏರ್ಪಾಡನ್ನೇ ಕಿತ್ತುಹಾಕಿದರು. ಕರಗಿಹೋಗುವ ವಜ್ರಕ್ಕೆ ಸರಿಯಾಗಿ ಹೊಂದುತ್ತದೆ ನೋಡಿ! ನಿಮ್ಮ ಆಟದಲ್ಲೂ ದೇವಸ್ಥಾನದಿಂದ ಒಬ್ಬ ಲೆಕ್ಕ ಕೇಳುವವನನ್ನು ಕಳಿಸಿ.

ಅವನ ವ್ರತ ಪರೀಕ್ಷಿಸಲು ಆಸೆ ತೋರಿಸುವುದಾದರೆ ಚಿನ್ನದ ಗುಡ್ಡೆ ಬೇಡ, ಅದನ್ನು ಯಾರಾದರೂ ಬೇಡ ಅಂತಾರೆ. ಪುರಂದರದಾಸರ ಕತೆ ಗೊತ್ತಲ್ಲ, ನವಕೋಟಿ ನಾರಾಯಣ ಎಲ್ಲ ಬಿಟ್ಟು ಹೊರಟರೂ ದಾರಿಯಲ್ಲಿ ಹೆಂಡತಿಗೆ ಭಯ, ಗಂಡನಿಗೆ ನೀರು ಕುಡಿಯಲಿಕ್ಕೆ ಅಂತ ಒಂದು ಚಿನ್ನದ ಪಾತ್ರೆ ಗಂಟಿನಲ್ಲಿ ಇಟ್ಟುಕೊಂಡಿದ್ದರಂತೆ. ಅಂಥದ್ದು ಬೇಕು. ಪ್ರೀತಿಯಿಂದ ಯಾರೋ ಕೊಟ್ಟದ್ದು, ಬೇಡ ಅಂದರೆ ಅವರ ಮನಸ್ಸು ನೋಯುವಂಥದ್ದು.

ವ್ರತ ಮುರಿದರೆ? ಆ ಹಳೇ ಫೀಟ್‌ನಲ್ಲಿ ಒಂದು ಸಲ ತಪ್ಪಿದರೆ ಎಲ್ಲ ಹೋಯಿತು, ವಾಪಸ್ ಬರಲ್ಲ, ಬದಲಿ ಫೀಟೂ ಇಲ್ಲ. ನನಗದು ಜಾಸ್ತಿ ಅನ್ನಿಸುತ್ತದೆ. ಹಾಗಿದ್ದಾಗ ಆಟಗಾರ ಹೆದರಿ ಯಾವ ಕಷ್ಟದ ಆಯ್ಕೆಗೂ ಕೈ ಹಾಕಲ್ಲ. ಗೆಳೆಯನ ಜೀವ ಉಳಿಸಲು ವಜ್ರ ಮುಟ್ಟಿದರೆ ಒಂದು ಪ್ರಾಯಶ್ಚಿತ್ತ ಕೊಡಿ, ಒಂದು ವಾರ ಕುಷ್ಠರೋಗಿಗಳ ಸೇವೆ ಅಂತ ಇಡಿ, ಅದೇ ಒಂದು ಸೆಷನ್ ಆಗುತ್ತದೆ. ಸದ್ಯಕ್ಕೆ ಅವನು ಲೆವೆಲ್ ಏರುವ ಮೊದಲೇ ಒಂದು ಮೆಸೇಜ್ ಹಾಕಿ ಕೇಳಿ, ವಜ್ರ ಯಾರ ಚೀಲದಲ್ಲಿರುತ್ತದೆ ಅಂತ.